ಹಿಮಕ್ಕಿಳಿದ ಗಾಲಿಕುರ್ಚಿ

ವಿದ್ಯುತ್ ಗಾಲಿಕುರ್ಚಿ ಕೆನಡಾದ ಕೂಸು. ಎರಡನೇ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲಿನ ಸ್ವಾಧೀನ ಕಳೆದುಕೊಂಡ ಸೈನಿಕರಿಗಾಗಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಜಾರ್ಜ್ ಕ್ಲೈನ್ ಮತ್ತು ಸಂಗಡಿಗರು 1950ರ ದಶಕದ ಆರಂಭದಲ್ಲಿ ಅದನ್ನು ರೂಪಿಸಿದರು. ಹಿಮದ ನಾಡಿನಲ್ಲೇ ಹುಟ್ಟಿದರೂ ಕಾರ್ಖಾನೆಯಿಂದ ಬರುವ ಕುರ್ಚಿಗೂ ಹಿಮಕ್ಕೂ ಇಂದಿಗೂ ಆಗಿಬರುವುದಿಲ್ಲ. ತಪ್ಪು ಯಂತ್ರದ್ದಷ್ಟೇ ಅಲ್ಲ. ಅಮೆರಿಕದ ಮೆಡಿಕೇರ್ ವಿಮೆ ದುಡ್ಡು ಕೊಡುವುದು ಮನೆಯೊಳಗಿನ ಓಡಾಟಕ್ಕೆ ಕುರ್ಚಿ ಬೇಕೇಬೇಕು ಎಂದಾದರೆ ಮಾತ್ರ. ಹೊಸಿಲಾಚೆಯ ಬದುಕು ಅದರ ಲೆಕ್ಕಕ್ಕಿಲ್ಲ! ಹಾಗಾಗಿ ಮಿನೆಸೋಟ, ಮಿಶಿಗನ್ನಿನಂಥ ಕಡೆ ಕೆಲವರು ತಾವೇ ಸ್ಪ್ಯಾನರ್ ಹಿಡಿಯುತ್ತಾರೆ, ಇಲ್ಲವೇ ಹಿಡಿಯುವವರನ್ನು ಹುಡುಕುತ್ತಾರೆ.

ಸಾಮಾನ್ಯವಾಗಿ ಈ ಕುರ್ಚಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ, ಎರಡು ಚಕ್ರಕ್ಕೆ ಎರಡು ಮೋಟಾರು. ಸ್ಟೀರಿಂಗ್ ಇಲ್ಲ, ಒಂದು ಚಕ್ರ ಜೋರಾಗಿ, ಇನ್ನೊಂದು ನಿಧಾನವಾಗಿ ಉರುಳಿದಾಗ ಕುರ್ಚಿ ಹೊರಳುತ್ತದೆ. ಹಿಮದಲ್ಲಿ ಮುಂದಿನ ಪುಟ್ಟ ಗಾಲಿಗಳು ನೇಗಿಲಿನಂತೆ ಹೂತುಕೊಳ್ಳುತ್ತವೆ. ಮೋಟಾರು ತಿಣುಕುತ್ತದೆ, ಕರೆಂಟು ಏರುತ್ತದೆ. ಕರೆಂಟು ಇಮ್ಮಡಿಯಾದರೆ ಸುರುಳಿಯ ಬಿಸಿ ನಾಲ್ಮಡಿ. ಸುಟ್ಟುಹೋಗದಿರಲು, ಮೋಟಾರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರ್ ಅದನ್ನು ತಗ್ಗಿಸುತ್ತದೆ. ಮೋಟಾರು ಉಳಿಯಿತು, ಕುಳಿತವರು ಚಳಿಯಲ್ಲಿ ಸಿಕ್ಕಿಬಿದ್ದರು. ಹಿಂಬದಿ ಚಕ್ರಕ್ಕೆ ಮೋಟಾರಿದ್ದರೆ ಪಳಗಿದವರು ರಿವರ್ಸಿನಲ್ಲೇ ಹಿಮ ದಾಟುತ್ತಾರೆ. ದೊಡ್ಡ ಚಕ್ರ ಜಾಡು ಮಾಡುತ್ತದೆ, ಸಣ್ಣವು ಅದರಲ್ಲಿ ಹಿಂಬಾಲಿಸುತ್ತವೆ.

ಮಾರ್ಪಾಡಿಗಿಳಿದವರಿಗೆ ಮೊದಲು ಹೊಳೆಯುವುದು ದಪ್ಪ ಕಚ್ಚಿನ ದೊಡ್ಡ ಟಯರು. ಹಿಡಿತವೇನೋ ಸಿಗುತ್ತದೆ. ಆದರೆ 14 ಇಂಚಿನ ಚಕ್ರ ತೆಗೆದು 16 ಇಂಚಿನದು ಹಾಕಿದರೆ ಅದೇ ಮೋಟಾರಿನ ತಳ್ಳುವ ಬಲ ಎಂಟರಲ್ಲೊಂದು ಪಾಲು ಕುಗ್ಗುತ್ತದೆ. ಹಿಮಕ್ಕೆಂದು ಮಾಡಿದ ಖರ್ಚು ಹಿಮದಲ್ಲೇ ಕೈಕೊಡುವುದು ಹೀಗೆ. ಇಲ್ಲಿ ವೇಗ ಮಾರಿ ಎಳೆತ ಕೊಳ್ಳಬೇಕು.

ಅದು ಸುಲಭವಲ್ಲ. ಮೋಟಾರು, ಗೇರ್‌ಬಾಕ್ಸ್ ಒಂದೇ ಗಟ್ಟಿ. ಅದರ ಶಾಫ್ಟಿಗೇ ಚಕ್ರ. ಕಡಿಮೆ ವೇಗದ ಮೋಟಾರು ಸಿಕ್ಕರೆ ಅದನ್ನೇ ಕೂರಿಸುವುದು ನೇರ ದಾರಿ. ಧೈರ್ಯಸ್ಥರು ಮೋಟಾರಿಗೂ ಚಕ್ರಕ್ಕೂ ನಡುವೆ ಚೈನು ತರುತ್ತಾರೆ. 12 ಹಲ್ಲಿನ ಸ್ಪ್ರಾಕೆಟ್ಟಿನಿಂದ 24 ಹಲ್ಲಿನದಕ್ಕೆ ಚೈನು ಬಿಗಿದರೆ ಗಂಟೆಗೆ 10 ಕಿ.ಮೀ. ಓಡುತ್ತಿದ್ದ ಕುರ್ಚಿ 5ಕ್ಕಿಳಿಯುತ್ತದೆ. ಎಳೆತ ಹೆಚ್ಚುಕಡಿಮೆ ದುಪ್ಪಟ್ಟು. ಒಂದು ಅಪಾಯವಿದೆ: ಬ್ರೇಕು ಇರುವುದು ಮೋಟಾರಿನ ಬೆನ್ನಿಗೆ. ಇಳಿಜಾರಿನಲ್ಲಿ ಚೈನು ಕಡಿದರೆ ಆ ಚಕ್ರವನ್ನು ಹಿಡಿಯುವವರೇ ಇಲ್ಲ. ರಸ್ತೆಗೆ ಸುರಿಯುವ ಉಪ್ಪಿಗೆ ಚೈನು ತುಕ್ಕು ಹಿಡಿಯುವ ಊರಿನಲ್ಲಿ ಚಕ್ರಕ್ಕೆ ಬೇರೆ ಬ್ರೇಕಿಲ್ಲದೆ ಈ ಕೆಲಸಕ್ಕೆ ಕೈಹಾಕುವುದು, ನನ್ನ ಮಟ್ಟಿಗೆ, ಜೂಜು.

ಬ್ಯಾಟರಿಯದು ಇನ್ನೊಂದು ತಕರಾರು. ಸೀಸ-ಆಮ್ಲದ್ದು ಚಳಿಗೆ ಸೊರಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಹಗುರ, ಭಾರ ಬಿದ್ದಾಗ ವೋಲ್ಟೇಜು ಅಷ್ಟಾಗಿ ಕುಸಿಯದು. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜಿಗೆ ಹಾಕಿದರೆ ಕೆಟ್ಟಿತೆಂದೇ ಲೆಕ್ಕ.

ಇಷ್ಟಾದರೂ ಕೀಲಿಕೈ ಬೇರೆಯವರ ಬಳಿ. ಹೊಸ ಮೋಟಾರಿನ ರೋಧವನ್ನು ಕಂಟ್ರೋಲರಿಗೆ ಮಿಲಿಓಮ್‌ಗಳಲ್ಲಿ ತಿಳಿಸಬೇಕು. ಕಡಿಮೆ ಬರೆದರೆ ಕುರ್ಚಿ ಮಂಕು. ಹೆಚ್ಚಾದರೆ ಜಾಯ್‌ಸ್ಟಿಕ್ ಮುಟ್ಟಿದೊಡನೆ ಎಗರುತ್ತದೆ. ಹಾಗೆ ತಿಳಿಸಲು ಬೇಕಾದ ತಂತ್ರಾಂಶ ಬಹುಕಾಲ ಡೀಲರುಗಳ ಕೈಯಲ್ಲೇ ಇತ್ತು. ಕೊಲೊರಾಡೊ ರಾಜ್ಯ 2022ರಲ್ಲಿ ಕಾನೂನು ತಂದು, ಬಿಡಿಭಾಗ, ಕೈಪಿಡಿ, ತಂತ್ರಾಂಶವನ್ನು ಕುರ್ಚಿಯ ಒಡೆಯರಿಗೂ ಹೊರಗಿನ ಮೆಕ್ಯಾನಿಕ್ಕಿಗೂ ಒದಗಿಸಬೇಕೆಂದು ತಯಾರಕರಿಗೆ ಹೇಳಿತು. ತಂತ್ರಾಂಶ ಕೈಗೆ ಬಂದರೆ, ಮೆಲ್ಲಗೆ ಹೊರಡುವ, ಮೆಲ್ಲಗೆ ತಿರುಗುವ ಪ್ರತ್ಯೇಕ ಪ್ರೊಫೈಲ್ ಒಂದನ್ನು ಹಿಮಕ್ಕೆಂದೇ ಇಟ್ಟುಕೊಳ್ಳಬಹುದು.