ಕರೆಂಟ್ ಹೋಯ್ತು, ಢಾಕಾ ಬಂತು!

ರಾತ್ರಿ ಕರೆಂಟ್ ಹೋದರೆ ವಿಜಯನಗರದ ನಮ್ಮ ರಸ್ತೆಯವರೆಲ್ಲ ಗೊಣಗುತ್ತಾರೆ. ನಾನೊಬ್ಬ ಮಾತ್ರ ತಾತನ ಹಳೇ ಟ್ರಾನ್ಸಿಸ್ಟರ್ ಹಿಡಿದು ಟೆರೇಸ್‌ಗೆ ಓಡುತ್ತೇನೆ. ಎಲ್‌ಇಡಿ ಬಲ್ಬು, ಚಾರ್ಜರ್, ವೈಫೈ ಡಬ್ಬಿಗಳೆಲ್ಲ ಸುಮ್ಮನಾದರೆ ರೇಡಿಯೊದ ಗೊರಗೊರ ಇಳಿಯುತ್ತದೆ. ಆಗ ದೂರದೇಶದ ಸ್ಟೇಷನ್‌ಗಳು ಒಂದೊಂದಾಗಿ ತಲೆ ಎತ್ತುತ್ತವೆ.

ಈ ಹವ್ಯಾಸಕ್ಕೆ ಡಿಎಕ್ಸಿಂಗ್ ಎಂದು ಹೆಸರು. ಹಗಲಲ್ಲಿ ವಾಯುಮಂಡಲದ ಒಂದು ಪದರ ಮೀಡಿಯಂ ವೇವ್ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಇನ್ನೂ ಎತ್ತರದ ಪದರ ಕನ್ನಡಿಯಂತೆ ಅಲೆಗಳನ್ನು ಭೂಮಿಗೆ ವಾಪಸ್ ಕಳಿಸುತ್ತದೆ. ಹಾಗಾಗಿಯೇ ಶ್ರೀಲಂಕಾದ ಪುಟ್ಟಲಂನಿಂದ ಹೊರಟ 882 ಕಿಲೋಹರ್ಟ್ಸ್ ಪ್ರಸಾರ ನಮ್ಮ ನೀರಿನ ಟ್ಯಾಂಕ್ ಪಕ್ಕ ಬಂದಿಳಿಯುತ್ತದೆ.

‘ಆ್ಯಪ್ ಹಾಕ್ಕೊಂಡ್ರೆ ಪ್ರಪಂಚದ ರೇಡಿಯೊ ಎಲ್ಲಾ ಬರತ್ತಲ್ಲೋ’ ಅಂತ ಅಮ್ಮ ರೇಗಿಸುತ್ತಾರೆ. ಬರುತ್ತೆ, ನಿಜ. ಆದರೆ ಅದು ಅಂಗಡಿಯಿಂದ ಮೀನು ತಂದಂತೆ. ಇದು ಕೆರೆ ದಡದಲ್ಲಿ ಗಾಳ ಹಾಕಿ ಕೂತಂತೆ!

ಟ್ರಾನ್ಸಿಸ್ಟರ್ ಸಿಕ್ಕಿದ್ದು ಅಟ್ಟದಲ್ಲಿ. ಕಳೆದ ವರ್ಷ ಅಜ್ಜಿ ತೀರಿಕೊಂಡ ಮೇಲೆ ತಾತನೇ ಅದನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಿದ್ದರು. ಮಾತನ್ನೂ ಜೊತೆಗೇ ಕಟ್ಟಿಟ್ಟಂತೆ ಇದ್ದರು. ಊಟ ಆಯ್ತಾ ಅಂದರೆ ‘ಹ್ಞೂಂ’, ಮಾತ್ರೆ ತಗೊಂಡ್ರಾ ಅಂದರೆ ‘ಹ್ಞೂಂ’. ಅಷ್ಟೇ.

ಆ ರಾತ್ರಿ ಹತ್ತರ ಹೊತ್ತಿಗೆ ಕರೆಂಟ್ ಹೋಯಿತು. ಡಯಲ್‌ನಲ್ಲಿ ನನಗೆ ಎರಡು ಮೈಲಿಗಲ್ಲು: 612ರ ಬೆಂಗಳೂರು, 765ರ ಧಾರವಾಡ. ನಡುವೆ ಮುಳ್ಳನ್ನು ಕೂದಲೆಳೆಯಷ್ಟೇ ಸರಿಸುತ್ತಾ ರೇಡಿಯೊವನ್ನೇ ಮೆಲ್ಲಗೆ ತಿರುಗಿಸಿದೆ. ಒಳಗಿನ ಫೆರೈಟ್ ಕಡ್ಡಿಯ ತುದಿ ಯಾವ ಸ್ಟೇಷನ್ ಕಡೆಗಿರುತ್ತೋ ಅದು ಕ್ಷೀಣವಾಗುತ್ತದೆ. ಬೇಡದ್ದನ್ನು ಅಡಗಿಸುವ ಉಪಾಯ ಅದು. 693ರ ಹತ್ತಿರ ಹೆಣ್ಣು ದನಿಯೊಂದು ತೇಲಿ ಬಂತು. ಬಂಗಾಳಿ. ಕೋಲ್ಕತ್ತವೋ ಏನೋ ಅಂದುಕೊಳ್ಳುವಷ್ಟರಲ್ಲಿ ‘ಬಾಂಗ್ಲಾದೇಶ್ ಬೇತಾರ್’ ಅನ್ನೋದು ಸ್ಪಷ್ಟವಾಗಿ ಕೇಳಿಸಿತು. ಬೇತಾರ್ ಎಂದರೆ ತಂತಿಯಿಲ್ಲದ್ದು. ಸುಮಾರು 1,800 ಕಿ.ಮೀ. ದೂರದ ಢಾಕಾ!

‘ಢಾಕಾ ಬಂತು!’ ಎಂದು ಕಿರುಚಿಬಿಟ್ಟೆ. ಐದು ನಿಮಿಷಕ್ಕೆ ಮೆಟ್ಟಿಲ ಮೇಲೆ ಟಾರ್ಚ್ ಬೆಳಕು. ಮಂಡಿನೋವಿನ ತಾತ ಗೋಡೆ ಹಿಡಿದು ಹತ್ತಿ ಬರುತ್ತಿದ್ದರು. ‘ಹುಷಾರು ತಾತ’ ಅಂದೆ. ಅವರು ಏನೂ ಹೇಳದೆ ರೇಡಿಯೊ ಕಿವಿಗೆ ಹಿಡಿದರು. ದನಿ ಏರಿ, ಇಳಿದು, ಮತ್ತೆ ಏರಿತು.

‘ಎಪ್ಪತ್ತೊಂದರಲ್ಲಿ ಯುದ್ಧದ ಸುದ್ದಿಗೆ ರಾಜಾಜಿನಗರದ ನಮ್ಮ ವಠಾರವೆಲ್ಲ ಓನರ್ ಮನೆ ರೇಡಿಯೊ ಮುಂದೆ ಕೂರ್ತಿತ್ತು ಕಣೋ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯ್ತು ಅಂದಾಗ ನಿಮ್ಮಜ್ಜಿ ಎಲ್ಲರಿಗೂ ಸಕ್ಕರೆ ಹಂಚಿದ್ಲು. ಹೊಸದಾಗಿ ಮದುವೆಯಾಗಿತ್ತು ನಮಗೆ...’

ಒಂದು ವರ್ಷದಲ್ಲಿ ತಾತ ಅಷ್ಟು ಮಾತಾಡಿದ್ದು ಅದೇ ಮೊದಲು. ಕರೆಂಟ್ ಬಂದು ರೇಡಿಯೊ ಮತ್ತೆ ಗೊರಗುಟ್ಟಿದರೂ ಅವರು ನಿಲ್ಲಿಸಲಿಲ್ಲ.

ಮರುದಿನ ಢಾಕಾಗೆ ವರದಿ ಬರೆದೆ: ಸಮಯ, ಕಂಪನಾಂಕ, ಕೇಳಿದ ಕಾರ್ಯಕ್ರಮ, ದನಿಯ ಗುಣಮಟ್ಟಕ್ಕೆ ಐದು ಅಂಕಿ. ಸರಿಯಿದ್ದರೆ ಸ್ಟೇಷನ್‌ನವರು ಕ್ಯೂಎಸ್‌ಎಲ್ ಎಂಬ ದೃಢೀಕರಣ ಕಾರ್ಡ್ ಕಳಿಸುತ್ತಾರೆ. ಅದಿನ್ನೂ ಬಂದಿಲ್ಲ.

ಬರದಿದ್ದರೂ ಬೇಸರವಿಲ್ಲ. ಈಗ ಸಂಜೆಯಾದರೆ ತಾತನೇ ಕೇಳುತ್ತಾರೆ: ‘ಏನೋ, ಇವತ್ತು ಕರೆಂಟ್ ಹೋಗಲ್ವಾ?’