ಸುರತ್ಕಲ್ಲಿನ ಅಲೆಗಾಲುವೆ

ಸುರತ್ಕಲ್ಲಿನ ಎನ್‌ಐಟಿಕೆ ಆವರಣದ ಪಡುವಣ ಅಂಚಿನಲ್ಲಿ ಅರಬ್ಬಿ ಸಮುದ್ರವೇ ಇದೆ. ಆದರೂ ಇಲ್ಲಿನ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಎಂ.ಟೆಕ್. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಲೆ ಏಳುವುದು ಪ್ರಯೋಗಾಲಯದೊಳಗೆ. ಕೇಳಿದಷ್ಟೇ ಎತ್ತರದ ಅಲೆಯನ್ನು, ಕೇಳಿದಷ್ಟು ಸಲ, ಕಡಲು ಕೊಡುವುದಿಲ್ಲ.

ಕಾಲುವೆ 50 ಮೀಟರ್ ಉದ್ದ. ಅಗಲ ಮುಕ್ಕಾಲು ಮೀಟರಿಗೂ ಕಡಿಮೆ. ಒಂದು ತುದಿಯಲ್ಲಿ ತಳಕ್ಕೆ ಕೀಲು ಹಾಕಿದ ಫಲಕ. ಮೋಟಾರು ಅದನ್ನು ಹಿಂದೆ ಮುಂದೆ ತೂಗಿದಂತೆ ಅಲೆ ಹೊರಡುತ್ತದೆ. ಒಂದು ಬದಿಗೆ ಸುಮಾರು 15 ಮೀಟರ್ ಗಾಜು. ಅಲ್ಲಿ ನಿಂತರೆ ಅಲೆಯ ಒಳಗೇ ಕಣ್ಣು ಹಾಯಿಸಬಹುದು.

ಅಲೆಗೆ ಎದುರಾಗಿ ಕಲ್ಲಿನ ತಡೆಗೋಡೆ, ನಿಜಗಾತ್ರದ 30ರಲ್ಲಿ ಒಂದು ಪಾಲು. ಹೊರಮೈಯ ಒಂದು ಕಲ್ಲನ್ನು ಅಂಗೈಯಲ್ಲಿ ಹಿಡಿದೆ: 74 ಗ್ರಾಂ ಆಸುಪಾಸು. ಉದ್ದ 30 ಪಟ್ಟಾದರೆ ತೂಕ 27,000 ಪಟ್ಟು, ಅಂದರೆ ಇದು ಕಡಲಲ್ಲಿ 2 ಟನ್ನಿನ ಬಂಡೆ. ಕಾಲಕ್ಕೆ ಬೇರೆಯೇ ಲೆಕ್ಕ. ಫ್ರೂಡ್ ನಿಯಮದಂತೆ 30ರ ವರ್ಗಮೂಲ. ಇಲ್ಲಿನ 2 ಸೆಕೆಂಡಿನ ಅಲೆ ಅಲ್ಲಿ 11 ಸೆಕೆಂಡಿನದು. 10 ಸೆಂ.ಮೀ. ಎತ್ತರ ಎಂದರೆ 3 ಮೀಟರ್.

ಕಲ್ಲಿನ ತೂಕ ಹಡ್ಸನ್ ಸೂತ್ರದಿಂದ ಸಿಗುತ್ತದೆ. ಅಲೆಯ ಎತ್ತರ ದುಪ್ಪಟ್ಟಾದರೆ ಕಲ್ಲು 8 ಪಟ್ಟು ಭಾರವಾಗಬೇಕು. ಆದರೆ ಅಲೆಯ ಅವಧಿಗಾಗಲಿ, ಬಿರುಗಾಳಿ ಎಷ್ಟು ಹೊತ್ತು ಬೀಸಿತು ಎಂಬುದಕ್ಕಾಗಲಿ ಆ ಸೂತ್ರದಲ್ಲಿ ಜಾಗವಿಲ್ಲ. ಅದಕ್ಕೇ ಈ ಪರೀಕ್ಷೆ: 3,000 ಅಲೆ ಬಡಿಯಬೇಕು, ಇಲ್ಲವೇ ಅಷ್ಟರೊಳಗೆ ಗೋಡೆ ಕುಸಿಯಬೇಕು. ಒಂದೇ ಸಮನೆ ಬಿಡುವಂತಿಲ್ಲ. ಗೋಡೆಗೆ ಬಡಿದು ಹಿಂದಿರುಗಿದ ಅಲೆ ಫಲಕಕ್ಕೆ ತಾಗಿ ಮತ್ತೆ ಬಂದರೆ ಲೆಕ್ಕವೆಲ್ಲ ಕೆಡುತ್ತದೆ. ಒಂದಷ್ಟು ಬಿಟ್ಟು, ನೀರು ತಿಳಿಯಾಗಿ ನಿಲ್ಲುವವರೆಗೆ ಕಾದು, ಮತ್ತೆ ಬಿಡುತ್ತಾರೆ. ಬಹಳ ತಾಳ್ಮೆ ಬೇಡುವ ಕೆಲಸ.

ಗಾಜಿನಾಚೆ, ನೀರು ಇಳಿಜಾರಿನಿಂದ ಹಿಂದಕ್ಕೆ ಜಾರುವಾಗ ಒಂದು ಕಲ್ಲು ಅಲುಗಿತು. ಮುಂದಿನ ಅಲೆಗೆ ಪಕ್ಕಕ್ಕೆ ವಾಲಿತು. ಆಮೇಲೆ ಉರುಳಿಯೇ ಹೋಯಿತು, ಅದರ ಹಿಂದೆ ಇನ್ನೆರಡು. ಪರೀಕ್ಷೆ ನಡೆಸುತ್ತಿದ್ದ ವಿದ್ಯಾರ್ಥಿನಿ ಮೋಟಾರು ನಿಲ್ಲಿಸಲಿಲ್ಲ. ಬಗ್ಗಿ ನೋಡುತ್ತ ಬರೆದುಕೊಂಡಳು. ಈ ಶಿಕ್ಷಣದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ತಾನೇ ಲೆಕ್ಕ ಹಾಕಿ, ತಾನೇ ಜೋಡಿಸಿದ ಗೋಡೆ ಎಲ್ಲಿಂದ ಸೋಲುತ್ತದೆ ಎಂದು ಕಣ್ಣಾರೆ ಕಂಡವರ ಕೈಗೆ ಬಂದರಿನ ಕೆಲಸ ಕೊಡಲು ನಾನಂತೂ ಹೆದರುವುದಿಲ್ಲ.

ಆದರೆ ಈ ಕಾಲುವೆಯಲ್ಲಿ ಅಲೆ ನೇರ ಬರುತ್ತದೆ, ಓರೆಯಾಗಿ ಬರುವುದಿಲ್ಲ. ದಡದುದ್ದಕ್ಕೂ ಮರಳು ಸಾಗಿಸುವುದು ಓರೆ ಅಲೆ. ಉಳ್ಳಾಲ, ಸೋಮೇಶ್ವರದಲ್ಲಿ ಕಡಲ್ಕೊರೆತಕ್ಕೆ ಮನೆ ಕಳಕೊಂಡವರ ಪ್ರಶ್ನೆಯೂ ಮರಳಿನದೇ: ಇಲ್ಲಿ ಕಲ್ಲು ಹಾಕಿದರೆ ಪಕ್ಕದ ದಡದ ಗತಿಯೇನು? ಉಪಗ್ರಹ ಚಿತ್ರ, ಕಂಪ್ಯೂಟರ್ ಮಾದರಿಗಳಿಂದ ಇದಕ್ಕೆ ಒಂದು ಮಟ್ಟಿಗೆ ಉತ್ತರ ಸಿಗುತ್ತದೆ. ಅದು ಸಾಲದು. ತಡೆಗೋಡೆ ವಿನ್ಯಾಸ ಮಾಡುವ ಪ್ರತಿ ವಿದ್ಯಾರ್ಥಿಯೂ ಜೂನ್ ತಿಂಗಳಲ್ಲಿ ಆ ದಡದಲ್ಲಿ ನಡೆದು, ಮೀನುಗಾರರನ್ನು ಕೇಳಿ, ವರದಿಯಲ್ಲಿ ಅದಕ್ಕೊಂದು ಅಧ್ಯಾಯ ಬರೆಯಬೇಕು. ಅಂಕದಲ್ಲಿ ಅದಕ್ಕೂ ಪಾಲಿರಬೇಕು.