ಪುಸ್ತಕ ಕೊಟ್ಟರೆ ವಿದ್ಯೆ ಹೋಗುವುದಿಲ್ಲ

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮನೆಗಳಲ್ಲಿ ಅಟ್ಟ ಹಸನು ಮಾಡುವ ಕೆಲಸ ಶುರುವಾಗುತ್ತದೆ. ಮಗ ಎಸ್ಸೆಸ್ಸೆಲ್ಸಿ ದಾಟಿರುತ್ತಾನೆ, ಮಗಳು ಹಾಸ್ಟೆಲಿಗೆ ಹೊರಟಿರುತ್ತಾಳೆ. ಗೋಣಿಚೀಲದಿಂದ ಕಥೆ ಪುಸ್ತಕ, ಕಾಪಿ ಪುಸ್ತಕ, ಮುರಿದ ಬಳಪ, ಸ್ಲೇಟು ಒಂದೊಂದಾಗಿ ಹೊರಬರುತ್ತವೆ. ಯಾರಿಗಾದರೂ ಕೊಟ್ಟುಬಿಡೋಣ ಎಂದು ತಾಯಿ ಬಾಯಿ ತೆರೆಯುವಷ್ಟರಲ್ಲಿ ಮನೆಯ ಹಿರಿಯರೊಬ್ಬರು ಅಡ್ಡ ಬರುತ್ತಾರೆ: "ಮಕ್ಳು ಓದಿದ ಪುಸ್ತಕ ಮನೆಯಿಂದ ಆಚೆ ಹಾಕಬಾರ್ದು ಕಣಮ್ಮ, ಅದರ ಜೊತೇಲೆ ವಿದ್ಯೇನೂ ಹೋಗ್ತೈತೆ." ಅಲ್ಲಿಗೆ ಮಾತು ಮುಗಿಯುತ್ತದೆ. ಚೀಲ ಮತ್ತೆ ಅಟ್ಟ ಸೇರುತ್ತದೆ.

ಮಕ್ಕಳು ಬೆಳೆದ ಮೇಲೆ ಉಳಿಯುವ ವಸ್ತುಗಳ ಸುತ್ತ ಹಬ್ಬಿರುವ ನಂಬಿಕೆಗಳಲ್ಲಿ ಅತಿ ಹೆಚ್ಚು ಹಾನಿ ಮಾಡುತ್ತಿರುವುದು ಇದೇ. ಪುಸ್ತಕ ಕೈಬಿಟ್ಟರೆ ಸರಸ್ವತಿ ಮುನಿಯುತ್ತಾಳೆ, ಓದಿದ ಮಗುವಿನ ವಿದ್ಯೆ ಪುಸ್ತಕ ಪಡೆದ ಮಗುವಿಗೆ ಹೋಗುತ್ತದೆ ಎಂದು ಓದು ಬರಹ ಬಲ್ಲವರೂ ಪದವೀಧರರೂ ಹೇಳುವುದನ್ನು ಕೇಳಿದರೆ ತಾಳ್ಮೆ ಉಳಿಯುವುದು ಕಷ್ಟ. ಒಂದು ಮಗು ಕಲಿತ ಮಗ್ಗಿ, ಓದಿದ ಕಥೆ ಆ ಮಗುವಿನ ಮಿದುಳಿನಲ್ಲಿ ನೆನಪಾಗಿ ನೆಲೆಸಿರುತ್ತವೆ. ಕಾಗದದ ಕಟ್ಟು ಪಕ್ಕದ ಬೀದಿಗೆ ಹೋದಾಗ ಆ ನೆನಪು ಅದರ ಜತೆ ಹೋಗಲು ಯಾವ ದಾರಿಯೂ ಇಲ್ಲ.

ಪರಂಪರೆಯ ಹೆಸರಿನಲ್ಲಿ ಈ ಮಾತು ಹೇಳುವವರು ಪರಂಪರೆಯನ್ನಾದರೂ ಸರಿಯಾಗಿ ನೋಡಬೇಕು. ನವರಾತ್ರಿಯಲ್ಲಿ ಪೂಜೆಗಿಟ್ಟ ಪುಸ್ತಕಗಳನ್ನು ವಿಜಯದಶಮಿಯಂದು ತೆಗೆದು ಒಂದಿಷ್ಟಾದರೂ ಓದಬೇಕೆಂಬುದೇ ಆಚರಣೆ. ಕಟ್ಟಿಟ್ಟ ಪುಸ್ತಕ ಕಟ್ಟಿದಂತೆಯೇ ಇರಲಿ ಎಂದು ಸರಸ್ವತಿ ಪೂಜೆಯ ಯಾವ ಕ್ರಮವೂ ಹೇಳುವುದಿಲ್ಲ. ಜೈನರು ಆಹಾರ, ಅಭಯ, ಔಷಧಗಳ ಜತೆಗೆ ಶಾಸ್ತ್ರವನ್ನೂ ದಾನಗಳಲ್ಲಿ ಎಣಿಸಿದರು. ರನ್ನನಿಗೆ ಆಶ್ರಯ ಕೊಟ್ಟ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಯಂತ್ರವಿಲ್ಲದ ಕಾಲ ಅದು. ಲಿಪಿಕಾರರು ಓಲೆಯ ಮೇಲೆ ಅಕ್ಷರಗಳನ್ನು ಒಂದೊಂದಾಗಿ ಕೊರೆದು ಸಿದ್ಧಪಡಿಸಿದ ಪ್ರತಿಗಳವು. ಕನ್ನಡ ನಾಡು ಆಕೆಯನ್ನು ದಾನಚಿಂತಾಮಣಿ ಎಂದು ಕರೆದು ಸಾವಿರ ವರ್ಷ ನೆನಪಿಟ್ಟುಕೊಂಡಿದೆ. ಪುಸ್ತಕ ಕೊಟ್ಟವರ ಮನೆಯಿಂದ ವಿದ್ಯೆ ಹೋಗುವುದಾಗಿದ್ದರೆ ಈ ನೆನಪಿಗೆ ಅರ್ಥವಿರುತ್ತಿರಲಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಚಳ್ಳಕೆರೆ ತಾಲ್ಲೂಕಿನ ತಳುಕು ಟಿ.ಎಸ್. ವೆಂಕಣ್ಣಯ್ಯನವರ ಊರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕುವೆಂಪು ಅವರಿಗೆ ಪಾಠ ಹೇಳಿದ ಗುರು ಅವರು. ಶಿಷ್ಯ ತನ್ನ 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೇ. ಅದೇ ಕೃತಿಗೆ 1967ರ ಜ್ಞಾನಪೀಠ ಪ್ರಶಸ್ತಿ ಬಂತು. ಕೊಟ್ಟ ವಿದ್ಯೆಯಿಂದ ಗುರುವಿಗೆ ಏನೂ ಕಡಿಮೆಯಾಗಲಿಲ್ಲ, ಗುರುವಿನ ಹೆಸರು ಇವತ್ತಿಗೂ ಆ ಕಾವ್ಯದ ಜತೆಗೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ತಂದೆ ತಾಯಿಯ ಮಾತು ಕೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಮಾತನ್ನು ಅರಸನ ಆಜ್ಞೆಯಂತೆ ಬಂಡೆಯ ಮೇಲೆ ಕೊರೆದಿದ್ದು ಹಾದುಹೋಗುವ ಎಲ್ಲರಿಗೂ ಅದು ತಲುಪಲಿ ಎಂದು. ಇಂಥ ನೆಲದಲ್ಲಿ ಮಕ್ಕಳ ಕಥೆ ಪುಸ್ತಕವನ್ನು ಬಚ್ಚಿಡುವುದೇ ಸಂಪ್ರದಾಯವೆಂದು ಹೇಳಿದರೆ ಒಪ್ಪುವುದು ಹೇಗೆ?

ಕಾಪಾಡಿದರೆ ಗೌರವ, ಕೊಟ್ಟರೆ ಅಗೌರವ ಎನ್ನುವವರು ಆ ಅಟ್ಟದಲ್ಲಿ ಏನಾಗುತ್ತಿದೆ ಎಂಬುದನ್ನು ಒಮ್ಮೆ ಹತ್ತಿ ನೋಡಲಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು, ಒಣ ಹವೆಯಲ್ಲಿ ಪುಸ್ತಕ ಕೆಡುವುದಿಲ್ಲ ಎಂಬ ಧೈರ್ಯ ಹಲವರಿಗಿದೆ. ಆ ಧೈರ್ಯಕ್ಕೂ ಆಧಾರವಿಲ್ಲ. ಗೆದ್ದಲು ತನಗೆ ಬೇಕಾದ ತೇವವನ್ನು ನೆಲದಿಂದಲೇ ತರುತ್ತದೆ. ಗೋಡೆಯುದ್ದಕ್ಕೂ ಮಣ್ಣಿನ ಕೊಳವೆ ಕಟ್ಟಿಕೊಂಡು ಮಾಳಿಗೆ ಮನೆಯ ತೊಲೆಯವರೆಗೂ ಏರುತ್ತದೆ. ಕಾಗದದಲ್ಲಿರುವ ಸೆಲ್ಯುಲೋಸ್ ಅದರ ಆಹಾರ. ಎರಡು ನುಸಿ ಗುಳಿಗೆ ಹಾಕಿಟ್ಟ ಮಾತ್ರಕ್ಕೆ ನೆಲದೊಳಗಿನ ಗೂಡು ಸಾಯುವುದಿಲ್ಲ. ಗೆದ್ದಲು ಬಾರದ ಮನೆಯಲ್ಲೂ ಪುಸ್ತಕ ಉಳಿಯುತ್ತದೆಂಬ ಖಾತರಿಯಿಲ್ಲ. ಅಗ್ಗದ ಮಕ್ಕಳ ಪುಸ್ತಕಗಳ ಕಾಗದದಲ್ಲಿ ಮರದ ತಿರುಳಿನ ಲಿಗ್ನಿನ್ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ, ಶಾಖ ತಾಗಿದಂತೆ ಅದು ಹಳದಿಗೆ ತಿರುಗುತ್ತದೆ, ಕಾಗದದಲ್ಲಿ ಆಮ್ಲ ಹೆಚ್ಚಿ ಹಾಳೆ ಮುರುಕಾಗುತ್ತದೆ. ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗಿನ ಅಟ್ಟ ಒಲೆಯಂತೆ ಕಾಯುವ ಊರುಗಳಲ್ಲಿ ಇದೆಲ್ಲ ಇನ್ನೂ ಬೇಗ ಆಗುತ್ತದೆ. ಹತ್ತು ವರ್ಷದ ನಂತರ ಚೀಲ ಬಿಚ್ಚಿದವರಿಗೆ ಸಿಗುವುದು ಪುಡಿ ಮತ್ತು ಮಣ್ಣು. ಅದೇ ಹತ್ತು ವರ್ಷದಲ್ಲಿ ಆ ಪುಸ್ತಕ ಹತ್ತಾರು ಮಕ್ಕಳ ಕೈದಾಟಬಹುದಿತ್ತು.

ಮೊಳಕಾಲ್ಮೂರಿನ ನೇಕಾರರ ಮನೆಗಳಲ್ಲಂತೂ ಮಗ್ಗಕ್ಕೆ ಜಾಗ ಬಿಟ್ಟ ಮೇಲೆ ಉಳಿಯುವುದೇ ಕಡಿಮೆ. ಅಂಥ ಇಕ್ಕಟ್ಟಿನಲ್ಲೂ ಯಾರೂ ತೆರೆಯದ ಎರಡು ಚೀಲ ಪುಸ್ತಕಕ್ಕೆ ಮೂಲೆ ಮೀಸಲಿಡುವಂತೆ ಮಾಡುವುದು ಭಯ. ಆ ಭಯದ ಇನ್ನೊಂದು ಮುಖವನ್ನು ಪರೀಕ್ಷೆಯ ಕಾಲದಲ್ಲಿ ಕಾಣಬಹುದು. ರ‍್ಯಾಂಕ್ ಬಂದ ಹುಡುಗಿಯ ಪೆನ್ನು, ಅವಳ ನೋಟ್ಸು ಕೇಳಿಕೊಂಡು ಜನ ಬರುತ್ತಾರೆ. ನೋಟ್ಸು ಓದಿದರೆ ಪ್ರಯೋಜನವುಂಟು. ಪೆನ್ನಿನೊಳಗೆ ಶಾಯಿಯ ಹೊರತು ಬೇರೇನೂ ಇಲ್ಲ.

ಕೊಡಲು ಹೆದರುವವರೇ ಕೊನೆಗೊಂದು ದಿನ ಆ ಪುಸ್ತಕಗಳನ್ನು ವೇದಾವತಿಗೋ ಊರ ಕೆರೆಗೋ ಬಿಟ್ಟು ಬರುತ್ತಾರೆ. ಇಲ್ಲವೇ ಹಳೆಯ ದೇವರ ಪಟಗಳ ಜತೆ ಅರಳಿಕಟ್ಟೆಯ ಬುಡದಲ್ಲಿ ಇಡುತ್ತಾರೆ. ಹಾಗೆ ಮಾಡಿದರೆ ದೋಷವಿಲ್ಲವಂತೆ. ಓದಬಹುದಾದ ಪುಸ್ತಕವನ್ನು ನೀರಲ್ಲಿ ಕೊಳೆಸುವುದು ದೋಷವಲ್ಲದಿದ್ದರೆ, ಓದಲು ಹಂಬಲಿಸುವ ಮಗುವಿಗೆ ಕೊಡುವುದು ದೋಷ ಆಗುವುದು ಎಲ್ಲಿಂದ? ಮೇಲಾಗಿ ಲ್ಯಾಮಿನೇಷನ್ ಹೊದಿಕೆ, ಪ್ಲಾಸ್ಟಿಕ್ ಬೈಂಡು, ಪಿನ್ನು ಎಲ್ಲವೂ ಕೆರೆಯ ತಳದಲ್ಲೇ ಉಳಿಯುತ್ತವೆ. ತೀರಾ ಹರಿದ ಪುಸ್ತಕವನ್ನು ರದ್ದಿಗೆ ಹಾಕುವುದೇ ಅದಕ್ಕಿಂತ ಮೇಲು, ಅದು ಕಾರ್ಖಾನೆಯಲ್ಲಿ ಮತ್ತೆ ಕಾಗದವೋ ರಟ್ಟೋ ಆಗುತ್ತದೆ. ಆದರೆ ಅಚ್ಚಾದ ಹಾಳೆಯನ್ನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಲು ಅಂಗಡಿಗೆ ಕೊಡಬಾರದು. ಅಚ್ಚಿನ ಶಾಯಿಯಲ್ಲಿರುವ ಸೀಸದಂಥ ವಸ್ತುಗಳು ಆಹಾರಕ್ಕೆ ಇಳಿಯುತ್ತವೆ ಎಂದು ದೇಶದ ಆಹಾರ ಸುರಕ್ಷತೆ ಪ್ರಾಧಿಕಾರ ಪತ್ರಿಕೆಯ ಹಾಳೆಗಳ ಬಗ್ಗೆ 2023ರಲ್ಲೂ ಎಚ್ಚರಿಕೆ ಕೊಟ್ಟಿದೆ.

"ಕೊಟ್ಟರೂ ಯಾರು ಓದುತ್ತಾರೆ, ಎಲ್ಲರ ಕೈಯಲ್ಲೂ ಮೊಬೈಲ್" ಎನ್ನುವುದು ಇನ್ನೊಂದು ತಪ್ಪು ಕಲ್ಪನೆ. ಕರ್ನಾಟಕದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2020ರ ನವೆಂಬರಿನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಲಕ್ಷಾಂತರ ಮಕ್ಕಳು ಸದಸ್ಯರಾದರು. ಈಗ ಅರಿವು ಕೇಂದ್ರ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಈ ಗ್ರಂಥಾಲಯಗಳಿಗೆ ಮಕ್ಕಳು ಬರುತ್ತಿದ್ದಾರೆ. ಅವರಿಗೆ ಬೇಕಾಗಿರುವುದು ಅವರ ವಯಸ್ಸಿಗೆ ಹೊಂದುವ ಕಥೆ, ಚಿತ್ರ, ವಿಜ್ಞಾನದ ಪುಸ್ತಕಗಳು. ಮೈಸೂರಿನ ಕೂಲಿಕಾರ್ಮಿಕ ಸೈಯದ್ ಇಸಾಕ್ ನಡೆಸುತ್ತಿದ್ದ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಸುಟ್ಟುಹೋದಾಗ ಸುಮಾರು 11,000 ಪುಸ್ತಕಗಳು ಬೂದಿಯಾದವು. ಸುದ್ದಿ ತಿಳಿದ ಜನ ಎಲ್ಲೆಲ್ಲಿಂದಲೋ ಪುಸ್ತಕ ಕೊಡಲು ಮುಂದೆ ಬಂದರು. ಅವರಲ್ಲಿ ಯಾರೂ ವಿದ್ಯೆ ಕಳೆದುಕೊಂಡ ಸುದ್ದಿಯಿಲ್ಲ.

ಕೊಡುವವರಲ್ಲೂ ತಪ್ಪು ತಿಳಿವಳಿಕೆಗಳಿವೆ. ಹಳೆಯ ಪಠ್ಯಪುಸ್ತಕವನ್ನು ಬಡಮಕ್ಕಳಿಗೆ ಕೊಟ್ಟರೆ ದೊಡ್ಡ ಉಪಕಾರ ಎಂಬುದು ಒಂದು. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಪಠ್ಯಪುಸ್ತಕ ಉಚಿತವಾಗಿಯೇ ಸಿಗುತ್ತದೆ. 2022, 2023ರಲ್ಲಿ ಪಾಠಗಳೇ ಬದಲಾದವು, ಹಿಂದಿನ ಪುಸ್ತಕ ಹಿಡಿದು ಓದಿದ ಮಗು ಪರೀಕ್ಷೆಯಲ್ಲಿ ತೊಂದರೆಗೆ ಸಿಕ್ಕಿಕೊಳ್ಳುತ್ತದೆ.

ಸಾಮಾನ್ಯ ಜ್ಞಾನದ ಪುಸ್ತಕಗಳನ್ನು ಇನ್ನೂ ಎಚ್ಚರದಿಂದ ನೋಡಬೇಕು. 1997ಕ್ಕೆ ಮೊದಲಿನ ನಕಾಶೆಯಲ್ಲಿ ದಾವಣಗೆರೆ, ಜಗಳೂರು ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇವೆ. 2006ಕ್ಕೆ ಮೊದಲಿನ ಪುಸ್ತಕದಲ್ಲಿ ಗ್ರಹಗಳು ಒಂಬತ್ತು. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ಚಂದ್ರನ ಕುಳಿಗಳನ್ನು ಹೋಲುವ ಗುಂಡಿ ತೋಡಿ ಚಂದ್ರಯಾನದ ಉಪಕರಣಗಳನ್ನು ಪರೀಕ್ಷಿಸಿತು, 2023ರ ಆಗಸ್ಟ್ 23ರಂದು ವಿಕ್ರಮ್ ಚಂದ್ರನ ಮೇಲಿಳಿಯಿತು. ಆ ಕಾವಲಿನ ಅಂಚಿನ ಹಳ್ಳಿಯ ಮಗುವಿಗೆ ಮೂವತ್ತು ವರ್ಷ ಹಳೆಯ ಬಾಹ್ಯಾಕಾಶದ ಪುಸ್ತಕ ಕೊಟ್ಟು ದಾನ ಮಾಡಿದೆವೆಂದು ಹೇಳಿಕೊಳ್ಳುವುದು ಸರಿಯಲ್ಲ. ಅದನ್ನು ರದ್ದಿಗೆ ಹಾಕಬೇಕು. ಪಂಜೆಯವರ ಕಥೆಗಳು, 'ಬೊಮ್ಮನಹಳ್ಳಿಯ ಕಿಂದರಿಜೋಗಿ', ಭಾರತ ಭಾರತಿಯ ಪುಟ್ಟ ಪುಸ್ತಕಗಳು, ಅಮರ ಚಿತ್ರಕಥೆ ಇವುಗಳಿಗೆ ಈ ತೊಂದರೆಯಿಲ್ಲ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಪುಸ್ತಕದ ನಡುವೆ ಇಟ್ಟ ನವಿಲುಗರಿ ಪೆನ್ಸಿಲ್ ಸಿಪ್ಪೆ ತಿಂದು ಮರಿ ಹಾಕುವುದಿಲ್ಲ, ಆದರೆ ಮಗು ಅದನ್ನು ಇಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ. ಸಗಣಿಯಲ್ಲಿ ಸುತ್ತಿ ಸೂರಿನ ಮೇಲೆ ಎಸೆದ ಹಾಲುಹಲ್ಲಿಗೂ ಹೊಸ ಹಲ್ಲಿಗೂ ಸಂಬಂಧವಿಲ್ಲ, ಹೊಸ ಹಲ್ಲು ದವಡೆಯೊಳಗೆ ಮೊದಲೇ ರೂಪುಗೊಂಡಿರುತ್ತದೆ. ಮಗುವಿನ ಬಟ್ಟೆ, ತೊಟ್ಟಿಲು ಕೊಟ್ಟರೆ ಮುಂದಿನ ಮಗುವಿಗೆ ಕೇಡು ಎನ್ನುವವರು ತಮ್ಮ ಮನೆಯ ಬಾಣಂತನವನ್ನೇ ನೆನಪಿಸಿಕೊಳ್ಳಲಿ: ಹುಟ್ಟಿದ ಕೂಸಿಗೆ ಮೊದಲು ತೊಡಿಸಿದ್ದು ಇನ್ನೊಂದು ಮಗು ಹಾಕಿ ಮೆತ್ತಗಾದ ಹಳೆಯ ಅಂಗಿಯನ್ನು, ಮಲಗಿಸಿದ್ದು ನೆಂಟರ ಮನೆಯಿಂದ ತಂದ ತೊಟ್ಟಿಲಲ್ಲಿ.

ಇವೆಲ್ಲವನ್ನೂ ಹಳ್ಳಿಯ ಮುಗ್ಧತೆ ಎಂದು ತಳ್ಳಿಹಾಕುವಂತಿಲ್ಲ. ಕೂಸಿನ ಒಣಗಿದ ಹೊಕ್ಕುಳಬಳ್ಳಿಯನ್ನು ತಾಯಿತದಲ್ಲಿಟ್ಟು ಕಟ್ಟುವ ಅಜ್ಜಿಯನ್ನು ಟೀಕಿಸುವ ನಗರದ ದಂಪತಿ, ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿಟ್ಟರೆ ಮಗುವಿಗೆ ಜೀವನಪೂರ್ತಿ ರಕ್ಷೆ ಎಂಬ ಜಾಹೀರಾತು ನಂಬಿ ದೊಡ್ಡ ಮೊತ್ತ ಕಟ್ಟುತ್ತಾರೆ. ಅಂಥ ಖಾಸಗಿ ಶೇಖರಣೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶಿಫಾರಸು ಮಾಡುವುದಿಲ್ಲ. ಮಗುವಿಗೆ ಮುಂದೆ ಬರಬಹುದಾದ ಅನೇಕ ಆನುವಂಶಿಕ ರಕ್ತದೋಷಗಳಿಗೆ ಅದೇ ಮಗುವಿನ ರಕ್ತ ಉಪಯೋಗಕ್ಕೆ ಬಾರದು, ಅದರಲ್ಲೂ ಅದೇ ದೋಷ ಇರುತ್ತದೆ. ಎರಡೂ ಕಡೆ ಕೆಲಸ ಮಾಡುವುದು ಮಗುವಿಗೆ ಏನಾದರೂ ಆದರೆ ಎಂಬ ಹೆತ್ತವರ ಅಂಜಿಕೆ. ಅಂಜಿಕೆ ಸಹಜ. ಅದನ್ನು ಮುಂದಿಟ್ಟು ಯಾರೋ ಹೇಳಿದ್ದನ್ನು ವಿಚಾರಿಸದೆ ಒಪ್ಪಿಕೊಳ್ಳುವ ಅಭ್ಯಾಸ ಅಪಾಯಕಾರಿ. ಆಸ್ಪತ್ರೆ, ಶಾಲೆ, ಮನೆ ಎಲ್ಲ ಕಡೆಯೂ ಆ ಅಭ್ಯಾಸಕ್ಕೆ ಬೆಲೆ ತೆರುವುದು ಮಕ್ಕಳೇ.

ಇದೇ ಅಭ್ಯಾಸದಿಂದ ಇಡಬೇಕಾದದ್ದು ಹೋಗಿ ಬೇಡವಾದದ್ದು ಉಳಿಯುತ್ತದೆ. ಎರಡನೇ ತರಗತಿಯ ಕಾಪಿ ಪುಸ್ತಕಗಳನ್ನು ಜೋಪಾನ ಮಾಡಿದ ಮನೆಯಲ್ಲಿ ಲಸಿಕೆಯ ವಿವರವಿರುವ ತಾಯಿ ಕಾರ್ಡ್ ಸಿಗುವುದಿಲ್ಲ. ಮಗುವಿನ ಲಸಿಕೆ ಐದು ವರ್ಷಕ್ಕೆ ಮುಗಿಯುವುದಿಲ್ಲ, 10 ಮತ್ತು 16ನೇ ವಯಸ್ಸಿಗೆ ಟಿಡಿ ಲಸಿಕೆ ಇದೆ. ಅಲ್ಲಿಯವರೆಗಾದರೂ ಆ ದಾಖಲೆ ಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನದ ದಾಖಲೆ. ವರ್ಗಾವಣೆ ಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳ ಮಾತು ಬೇರೆ ಹೇಳಬೇಕಿಲ್ಲ. ಇವು ಒಂದು ಫೈಲಿನಲ್ಲಿರಲಿ. ಮಗು ಮೊದಲು ಬರೆದ ಸ್ಲೇಟು, ಬಿಡಿಸಿದ ಒಂದೆರಡು ಚಿತ್ರ, ಹರಿಯುವಷ್ಟು ಸಲ ಓದಿಸಿಕೊಂಡ ಒಂದು ಕಥೆ ಪುಸ್ತಕ ಇನ್ನೊಂದು ಡಬ್ಬಿಯಲ್ಲಿರಲಿ. ಯಾವುದನ್ನು ಇಡಬೇಕು ಎಂದು ಮಗುವನ್ನೇ ಕೇಳಿ. ಅದು ಅದರ ವಸ್ತು, ಅದಕ್ಕೆ ಹೇಳದೆ ಕೊಟ್ಟುಬಿಡುವುದೂ ತಪ್ಪು.

ಉಳಿದ ಪುಸ್ತಕಗಳ ಧೂಳು ಕೊಡವಿ, ಹರಿದದ್ದಕ್ಕೆ ಗೋಂದು ಹಚ್ಚಿ, ಒಳಪುಟದ ಹೆಸರು, ಫೋನ್ ನಂಬರು ಅಳಿಸಿ, ಶಾಲೆ ಆರಂಭವಾಗುವ ಮೊದಲೇ ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ತಲುಪಿಸಿ. ಪಟ್ಟಣದವರು ಚಳ್ಳಕೆರೆ, ಮೊಳಕಾಲ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ವಿಚಾರಿಸಿ. ಆಸ್ತಿ ತೆರಿಗೆಯ ಜತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುವವರು ನೀವೇ, ಅಲ್ಲಿ ಕಾಲಿಡಲು ಸಂಕೋಚ ಬೇಡ. ಹೋಗುವಾಗ ಮಗುವನ್ನೂ ಕರೆದೊಯ್ಯಿರಿ. ತನ್ನ ಪುಸ್ತಕ ಕೊಟ್ಟ ಮಗುವಿಗೆ ಅದೇ ದಿನ ಉಚಿತ ಸದಸ್ಯತ್ವ ಮಾಡಿಸಿ, ಅದರ ಈಗಿನ ವಯಸ್ಸಿಗೆ ತಕ್ಕ ಬೇರೊಂದು ಪುಸ್ತಕ ಕೊಡಿಸಿ.